ಕೋಲಾರದ ಗಣಿ, ಬೆಂಗಳೂರಿನ ಹರಳು ಮತ್ತು ವೈಲ್ ಹೇಳಿದ ಕಣ

ಹೋಳೂರಿನಲ್ಲಿ ನನ್ನ ಬಳಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನನಗೊಂದು ಪತ್ರ ಬರೆದಿದ್ದನು. ಅವನ ಮಗಳು ಭೌತಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ್ದಾಳೆ. "ಸಾರ್, ಅವಳ ವಿಷಯ ಕಾಂತೀಯ ಅರೆಲೋಹಗಳಂತೆ. ಅದರೊಳಗೆ ಕ್ವಾಂಟಂ ಆಂದೋಲನ, ಟೋಪಾಲಜಿ ಎಂದೆಲ್ಲ ಹೇಳುತ್ತಾಳೆ. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಮ್ಮಂಥವರಿಗೂ ಅದಕ್ಕೂ ಏನಾದರೂ ಸಂಬಂಧ ಉಂಟೆ?" ಎಂಬುದು ಅವನ ಪ್ರಶ್ನೆ. ಸಂಬಂಧ ಉಂಟು, ಅದೂ ದೂರದ ಸಂಬಂಧವಲ್ಲ. ಈ ವಿಷಯದ ಚರಿತ್ರೆಯಲ್ಲಿ ಎರಡು ಮುಖ್ಯ ಘಟನೆಗಳು ನಮ್ಮ ನೆಲದಲ್ಲಿಯೇ ನಡೆದಿವೆ. ಒಂದು 1956ರಲ್ಲಿ ಬೆಂಗಳೂರಿನಲ್ಲಿ, ಇನ್ನೊಂದು 1965ರಲ್ಲಿ ನಮ್ಮ ಜಿಲ್ಲೆಯ ಚಿನ್ನದ ಗಣಿಯ ಆಳದಲ್ಲಿ. ಆಗ ಅವೆರಡಕ್ಕೂ ಪರಸ್ಪರ ಸಂಬಂಧವಿದೆಯೆಂದು ಯಾರೂ ಊಹಿಸಿರಲಿಲ್ಲ. ಅವು ಒಂದೆಡೆ ಕೂಡಿದ ಬಗೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅರೆಲೋಹ ಮತ್ತು ಕಲ್ಯಾಣಿಯ ಮೆಟ್ಟಿಲುಗಳು

ತಾಮ್ರ, ಚಿನ್ನ ಮುಂತಾದ ಲೋಹಗಳಲ್ಲಿ ವಿದ್ಯುತ್ತನ್ನು ಸಾಗಿಸುವ ಇಲೆಕ್ಟ್ರಾನುಗಳು ಹೇರಳವಾಗಿರುತ್ತವೆ; ಸುಮಾರಾಗಿ ಪರಮಾಣುವಿಗೆ ಒಂದರಂತೆ. ಬಿಸ್ಮತ್ ಎಂಬ ಧಾತುವಿನಲ್ಲಾದರೋ ಅಂತಹ ಇಲೆಕ್ಟ್ರಾನು ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದು ಮಾತ್ರ. ಅದು ಪೂರ್ತಿ ಲೋಹವೂ ಅಲ್ಲ, ಅವಾಹಕವೂ ಅಲ್ಲ. ಆದುದರಿಂದ ಅದನ್ನು ಅರೆಲೋಹ ಎನ್ನುತ್ತಾರೆ. ಗ್ರಾಫೈಟು ಇನ್ನೊಂದು ಉದಾಹರಣೆ. ಇದನ್ನು ಅರೆವಾಹಕದೊಡನೆ ಗೊಂದಲ ಮಾಡಿಕೊಳ್ಳಬಾರದು.

1930ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಡಿ ಹಾಸ್ ಎಂಬ ವಿಜ್ಞಾನಿ ಶುದ್ಧ ಬಿಸ್ಮತ್ ಹರಳುಗಳನ್ನು ದ್ರವ ಹೈಡ್ರೊಜನ್ನಿನ ಶೈತ್ಯಕ್ಕೆ, ಅಂದರೆ ಸೊನ್ನೆಗಿಂತ ಸುಮಾರು 259 ಡಿಗ್ರಿ ಸೆಲ್ಷಿಯಸ್ ಕೆಳಕ್ಕೆ, ತಣಿಸಿ ಕಾಂತಕ್ಷೇತ್ರದಲ್ಲಿಟ್ಟು ಪರೀಕ್ಷಿಸಿದರು. ಕ್ಷೇತ್ರವನ್ನು ಹೆಚ್ಚಿಸುತ್ತ ಹೋದಂತೆ ಹರಳಿನ ಕಾಂತತೆಯು ಒಂದೇ ಸಮನೆ ಬದಲಾಗಲಿಲ್ಲ. ಅಲೆಯಂತೆ ಏರಿತು, ಇಳಿಯಿತು, ಮತ್ತೆ ಏರಿತು. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ವಾನ್ ಆಲ್ಫೆನ್. ಅದೇ ವರ್ಷ ಶುಬ್ನಿಕೋವ್ ಎಂಬ ರಷ್ಯನ್ ವಿಜ್ಞಾನಿ ಡಿ ಹಾಸ್ ಅವರೊಡನೆ ಸೇರಿ ಬಿಸ್ಮತ್ತಿನ ವಿದ್ಯುತ್ ರೋಧದಲ್ಲಿಯೂ ಇಂತಹುದೇ ಏರಿಳಿತವನ್ನು ಕಂಡರು. ಇವೇ ಕ್ವಾಂಟಂ ಆಂದೋಲನಗಳು. ಶುಬ್ನಿಕೋವ್ ತಾಯ್ನಾಡಿಗೆ ಮರಳಿದ ಮೇಲೆ ಸ್ಟಾಲಿನ್ ಆಳ್ವಿಕೆಯಲ್ಲಿ ಬಂಧಿತರಾಗಿ, 1937ರಲ್ಲಿ ಗುಂಡಿಗೆ ಬಲಿಯಾದರು. ಅವರ ಹೆಸರು ಮಾತ್ರ ಇಂದಿಗೂ ಪ್ರತಿ ಪ್ರಯೋಗಾಲಯದಲ್ಲಿ ಉಳಿದಿದೆ.

ಆಂದೋಲನ ಏಕೆ ಆಗುತ್ತದೆ? ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನು ಸುತ್ತು ಹಾಕುತ್ತದೆ. ಅದು ಅಲೆಯೂ ಆಗಿರುವುದರಿಂದ ಒಂದು ಸುತ್ತು ಮುಗಿಸಿ ಬಂದಾಗ ತನ್ನ ಆರಂಭದೊಡನೆ ತಾನೇ ಹೊಂದಿಕೊಳ್ಳಬೇಕು. ಹೀಗಾಗಿ ಕೆಲವು ಸುತ್ತುಗಳು ಮಾತ್ರ ಅದಕ್ಕೆ ದಕ್ಕುತ್ತವೆ. ದೇವಸ್ಥಾನದ ಕಲ್ಯಾಣಿಯನ್ನು ನೆನೆಯಿರಿ. ಇಲೆಕ್ಟ್ರಾನಿಗೆ ದಕ್ಕುವ ಶಕ್ತಿಗಳು ಕಲ್ಯಾಣಿಯ ಮೆಟ್ಟಿಲುಗಳಂತೆ. ಇಲೆಕ್ಟ್ರಾನುಗಳು ತುಂಬಿರುವ ಮಟ್ಟವು ನೀರಿನ ಮಟ್ಟದಂತೆ. ಕಾಂತಕ್ಷೇತ್ರ ಹೆಚ್ಚಿದಂತೆ ಮೆಟ್ಟಿಲುಗಳ ಎತ್ತರ ಬೆಳೆಯುತ್ತದೆ. ಒಂದೊಂದೇ ಮೆಟ್ಟಿಲು ನೀರಿನಿಂದ ಮೇಲೆದ್ದು ಬರುತ್ತದೆ. ಪ್ರತಿ ಮೆಟ್ಟಿಲೂ ನೀರಿನ ಅಂಚನ್ನು ದಾಟುವಾಗ ಹರಳಿನ ಗುಣದಲ್ಲಿ ಒಂದು ಏರಿಳಿತ. ಲಾಂಡಾವ್ ಎಂಬ ಮೇಧಾವಿ ಅದೇ 1930ರಲ್ಲಿ ಈ ಮೆಟ್ಟಿಲುಗಳನ್ನು ಲೆಕ್ಕದಿಂದ ಕಂಡುಹಿಡಿದರು; ಆದರೆ ಇಂತಹ ಏರಿಳಿತವು ಪ್ರಯೋಗದಲ್ಲಿ ಕಾಣಿಸದೆಂದೇ ಅವರು ಭಾವಿಸಿದ್ದರು. ಲೈಡನ್ನಿನ ಫಲಿತಾಂಶ ಅವರಿಗೆ ತಿಳಿದಿರಲಿಲ್ಲ.

1952ರಲ್ಲಿ ಆನ್‌ಸಾಗರ್ ಎಂಬವರು ಆಂದೋಲನದ ವೇಗದಿಂದ ಇಲೆಕ್ಟ್ರಾನು ಹಾಕುವ ಸುತ್ತಿನ ವಿಸ್ತೀರ್ಣವನ್ನು ಅಳೆಯಬಹುದೆಂದು ತೋರಿಸಿದರು. ಆಮೇಲೆ ಕೇಂಬ್ರಿಜ್‌ನ ಶೋಯೆನ್‌ಬರ್ಗ್ ತಾಮ್ರ, ಬೆಳ್ಳಿ ಮತ್ತು ಚಿನ್ನದಲ್ಲಿ ಆಂದೋಲನಗಳನ್ನು ಅಳೆದು 1960ರಲ್ಲಿ ಪ್ರಕಟಿಸಿದರು. ಚಿನ್ನದಲ್ಲಿ ಇಲೆಕ್ಟ್ರಾನು ದಟ್ಟವಾಗಿರುವುದರಿಂದ ಏರಿಳಿತಗಳು ಬಹಳ ಒತ್ತೊತ್ತಾಗಿ ಬರುತ್ತವೆ. ಅರೆಲೋಹದಲ್ಲಿ ಅವು ವಿರಳವಾಗಿ, ಕಣ್ಣಿಗೆ ಸ್ಪಷ್ಟವಾಗಿ ಕಾಣಿಸುತ್ತವೆ. ಬಿಸ್ಮತ್ತಿನಲ್ಲಿ ಇವು ಮೊದಲು ಕಂಡದ್ದು ಆಕಸ್ಮಿಕವಲ್ಲ.

ಬೆಂಗಳೂರು, 1956

ಈಗ ಬೆಂಗಳೂರಿಗೆ ಬರೋಣ. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಅವರ ಸೋದರಳಿಯ ಎಸ್. ಪಂಚರತ್ನಂ ಎಂಬ ತರುಣರು ಸಂಶೋಧನೆ ನಡೆಸುತ್ತಿದ್ದರು. ಜನನ 1934. ಹರಳುಗಳ ಮೂಲಕ ಹಾಯ್ದು ಬರುವ ಬೆಳಕಿನ ಧ್ರುವೀಕರಣವೇ ಅವರ ಅಧ್ಯಯನದ ವಿಷಯ. ಅಯೋಲೈಟ್ ಎಂಬ ನೀಲಿ ಛಾಯೆಯ ಖನಿಜದ ಹರಳುಗಳು ಬೆಳಕನ್ನು ವಿಚಿತ್ರವಾಗಿ ಹೀರಿ, ಸೀಳಿ ಬಿಡುತ್ತಿದ್ದವು. ಅದನ್ನು ವಿವರಿಸುವ ಪ್ರಯತ್ನದಲ್ಲಿ ಅವರು ಒಂದು ಮೂಲಭೂತ ಪ್ರಶ್ನೆಯನ್ನು ಕೇಳಿಕೊಂಡರು: ಬೇರೆ ಬೇರೆ ಧ್ರುವೀಕರಣದ ಎರಡು ಬೆಳಕಿನ ಕಿರಣಗಳು ಒಂದಕ್ಕೊಂದು ಹೆಜ್ಜೆ ಹೊಂದಿಸಿ ನಡೆಯುತ್ತಿವೆ ಎಂದು ಹೇಳುವುದು ಹೇಗೆ?

ಅವರ ಉತ್ತರ ಸರಳವಾಗಿತ್ತು. ಎರಡನ್ನೂ ಸೇರಿಸಿದಾಗ ಬೆಳಕು ಅತ್ಯಧಿಕವಾಗಿ ಬಂದರೆ ಅವುಗಳ ಹೆಜ್ಜೆ ಕೂಡಿದೆ ಎನ್ನಬಹುದು. ಆದರೆ ಈ ಸರಳ ನಿಯಮದಿಂದ ಒಂದು ಆಶ್ಚರ್ಯ ಹೊರಬಿತ್ತು. 'ಅ' ಕಿರಣದ ಹೆಜ್ಜೆ 'ಆ' ಕಿರಣದೊಡನೆ ಕೂಡಿದೆ. 'ಆ' ಕಿರಣದ್ದು 'ಇ'ಯೊಡನೆ ಕೂಡಿದೆ. ಆದರೂ 'ಇ' ಮತ್ತು 'ಅ' ಕಿರಣಗಳ ಹೆಜ್ಜೆ ಕೂಡಬೇಕೆಂದಿಲ್ಲ! ಎಷ್ಟು ತಪ್ಪುತ್ತದೆ ಎಂಬುದನ್ನೂ ಪಂಚರತ್ನಂ ಲೆಕ್ಕ ಹಾಕಿದರು. ಬೆಳಕಿನ ಎಲ್ಲ ಧ್ರುವೀಕರಣಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಆ ಮೂರು ಬಿಂದುಗಳಿಂದ ಆಗುವ ತ್ರಿಕೋನವು ಗೋಳದ ಕೇಂದ್ರದಲ್ಲಿ ಎಷ್ಟು ಘನಕೋನವನ್ನು ಮಾಡುತ್ತದೋ ಅದರ ಅರ್ಧದಷ್ಟು ಹೆಜ್ಜೆ ತಪ್ಪುತ್ತದೆ.

ಶಾಲೆಯ ಭೂಗೋಳದ ಗ್ಲೋಬನ್ನು ತೆಗೆದುಕೊಳ್ಳಿ. ಉತ್ತರ ಧ್ರುವದಲ್ಲಿ ಒಂದು ಬೆಂಕಿಕಡ್ಡಿಯನ್ನು ಮಲಗಿಸಿ, ಅದನ್ನು ಎಲ್ಲಿಯೂ ತಿರುಚದೆ ಸಮಭಾಜಕ ವೃತ್ತದವರೆಗೆ ಇಳಿಸಿ. ಆ ವೃತ್ತದ ಮೇಲೆ ಕಾಲು ಸುತ್ತು ಸರಿಸಿ. ಮತ್ತೆ ಧ್ರುವಕ್ಕೆ ಏರಿಸಿ. ನೀವು ಎಲ್ಲಿಯೂ ತಿರುಗಿಸಿಲ್ಲ, ಆದರೂ ಕಡ್ಡಿ 90 ಡಿಗ್ರಿ ತಿರುಗಿಕೊಂಡಿರುತ್ತದೆ. ಕಡ್ಡಿಯನ್ನು ತಿರುಗಿಸಿದ್ದು ದಾರಿಯೇ ಹೊರತು ಕೈಯಲ್ಲ. ಪಂಚರತ್ನಂ ಅವರ ಗೋಳದ ಮೇಲೆ ಇಷ್ಟೇ ದೊಡ್ಡ ತ್ರಿಕೋನವನ್ನು ಬಳಸಿ ಬಂದರೆ ಬೆಳಕಿನ ಹೆಜ್ಜೆ ಅದರ ಅರ್ಧ, ಅಂದರೆ 45 ಡಿಗ್ರಿ, ಸರಿಯುತ್ತದೆ.

ಈ ಪ್ರಬಂಧವು 1956ರಲ್ಲಿ ರಾಮನ್ ಅವರೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಪಂಚರತ್ನಂ ಅವರಿಗೆ 22 ವರ್ಷ. ಮುಂದೆ ಅವರು ಕೆಲವು ಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಆಮೇಲೆ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ, 35ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರಬಂಧವು ಗ್ರಂಥಾಲಯಗಳ ಕಪಾಟಿನಲ್ಲಿ ಉಳಿಯಿತು.

1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರ್ರಿ ಕ್ವಾಂಟಂ ಕಣಗಳಿಗೆಲ್ಲ ಅನ್ವಯಿಸುವ ಇಂತಹುದೇ ನಿಯಮವನ್ನು ಸ್ವತಂತ್ರವಾಗಿ ಕಂಡುಹಿಡಿದರು. ಅದು ಲೋಕದಲ್ಲಿ ದೊಡ್ಡ ಸುದ್ದಿಯಾಯಿತು. ಆಗ ಬೆಂಗಳೂರಿನಲ್ಲಿ ಪಂಚರತ್ನಂ ಅವರ ಅಣ್ಣ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು 1986ರ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದು, ಮೂವತ್ತು ವರ್ಷ ಹಿಂದಿನ ಆ ಪ್ರಬಂಧದಲ್ಲಿ ಇದರ ಮುನ್ನೋಟವಿದೆಯೆಂದು ತೋರಿಸಿಕೊಟ್ಟರು. ಬೆರ್ರಿಯವರು ಅದನ್ನು ಓದಿ, ಒಪ್ಪಿ, 1987ರಲ್ಲಿ ಪಂಚರತ್ನಂ ಅವರ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಪ್ರಬಂಧ ಬರೆದರು. 1988ರಲ್ಲಿ ಅದೇ ರಾಮನ್ ಸಂಸ್ಥೆಯ ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿಯವರು ಪಂಚರತ್ನಂ ಅವರ ಸರಳ ನಿಯಮವನ್ನೇ ಆಧಾರವಾಗಿಟ್ಟುಕೊಂಡು ಬೆರ್ರಿಯವರ ಸಿದ್ಧಾಂತವನ್ನು ಇನ್ನಷ್ಟು ವಿಸ್ತರಿಸಿದರು. ದೊಡ್ಡವರ ದೊಡ್ಡತನವನ್ನೂ ಇಲ್ಲಿ ನೋಡಬೇಕು: ತನಗಿಂತ ಮೊದಲೇ ಒಬ್ಬನು ಇಲ್ಲಿಗೆ ಬಂದಿದ್ದನೆಂದು ಬೆರ್ರಿಯವರು ಮುಕ್ತವಾಗಿ ಸಾರಿದರು.

ನಮ್ಮ ಗಣಿಯಲ್ಲಿ, 1965

ಕಥೆಯ ಇನ್ನೊಂದು ಎಳೆ 1929ರಲ್ಲಿ ಆರಂಭವಾಗುತ್ತದೆ. ಹರ್ಮನ್ ವೈಲ್ ಎಂಬ ಜರ್ಮನ್ ಗಣಿತಜ್ಞರು ತೂಕವೇ ಇಲ್ಲದ ಕಣವೊಂದರ ಸಮೀಕರಣವನ್ನು ಬರೆದರು. ಆ ಕಣವು ತಿರುಪುಮೊಳೆಯಂತೆ: ಎಡತಿರುವಿನದು ಎಡತಿರುವಿನದೇ, ಬಲತಿರುವಿನದು ಬಲತಿರುವಿನದೇ. ಪ್ರಕೃತಿಯು ಎಡಬಲಗಳಲ್ಲಿ ಭೇದ ಮಾಡುವುದಿಲ್ಲವೆಂಬ ನಂಬಿಕೆಯಿಂದ ಪೌಲಿ ಮುಂತಾದವರು ಅದನ್ನು ತಳ್ಳಿಹಾಕಿದರು. ವೈಲ್ 1955ರ ಡಿಸೆಂಬರಿನಲ್ಲಿ ನಿಧನರಾದರು. ಅದಾದ ಒಂದೆರಡು ವರ್ಷದಲ್ಲಿಯೇ ಪ್ರಕೃತಿಯು ಎಡಬಲ ಭೇದ ಮಾಡುತ್ತದೆಂಬುದು ಪ್ರಯೋಗದಿಂದ ಸಿದ್ಧವಾಯಿತು. ಆಗ ಎಲ್ಲರೂ ವೈಲ್ ಸಮೀಕರಣವನ್ನು ಮತ್ತೆ ಕೈಗೆತ್ತಿಕೊಂಡರು. ಆ ಕಣವು ನ್ಯೂಟ್ರಿನೊ ಇರಬೇಕೆಂದು ಲೋಕ ನಂಬಿತು.

ನ್ಯೂಟ್ರಿನೊಗಳು ವಾತಾವರಣದಲ್ಲಿಯೂ ಹುಟ್ಟುತ್ತವೆ. ಆಕಾಶದಿಂದ ಬೀಳುವ ವಿಶ್ವಕಿರಣಗಳು ಗಾಳಿಯನ್ನು ತಾಕಿದಾಗ ಹೊಮ್ಮುವ ಅವು ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ. ಆದರೆ ಮೇಲ್ಮೈಯಲ್ಲಿ ಇತರ ಕಣಗಳ ಮಳೆಯೇ ಸುರಿಯುತ್ತಿರುವುದರಿಂದ ಅವುಗಳನ್ನು ಗುರುತಿಸುವುದು ಅಸಾಧ್ಯ. ಅದಕ್ಕೆ ಕಲ್ಲಿನ ದಪ್ಪ ಹೊದಿಕೆ ಬೇಕು. ಅಂತಹ ಹೊದಿಕೆ ಲೋಕದಲ್ಲಿ ಎಲ್ಲಿದೆ? ಕೋಲಾರದ ಚಿನ್ನದ ಗಣಿಯಲ್ಲಿದೆ!

ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಶಿಷ್ಯರಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1951ರಲ್ಲಿಯೇ ಕೆ.ಜಿ.ಎಫ್.ಗೆ ಬಂದು ನೆಲದಾಳದಲ್ಲಿ ವಿಶ್ವಕಿರಣಗಳನ್ನು ಅಳೆಯಲಾರಂಭಿಸಿದರು. ಆಳಕ್ಕೆ ಇಳಿದಂತೆ ಕಣಗಳ ಸಂಖ್ಯೆ ಕಡಮೆಯಾಗುತ್ತ ಬಂತು. 1960ರ ದಶಕದ ಆರಂಭದಲ್ಲಿ ಸುಮಾರು 2.8 ಕಿಲೋಮೀಟರ್ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ. ಸಾಮಾನ್ಯವಾಗಿ ಇದನ್ನು ವಿಫಲ ಪ್ರಯೋಗ ಎನ್ನಬೇಕು. ಆದರೆ ಎಂ. ಜಿ. ಕೆ. ಮೆನನ್, ಶ್ರೀಕಂಠನ್ ಮುಂತಾದವರು ಆ ಮೌನದ ಬೆಲೆಯನ್ನು ಅರಿತರು. ಏನೂ ಕೇಳಿಸದ ಜಾಗದಲ್ಲಿಯೇ ಪಿಸುಮಾತು ಕೇಳಿಸುವುದು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನೆಸ್ ಅವರ ತಂಡಕ್ಕೂ ಸಿಕ್ಕಿತು. ಇವೆರಡೂ ವಾತಾವರಣದ ನ್ಯೂಟ್ರಿನೊವನ್ನು ಮನುಷ್ಯನು ಮೊದಲ ಬಾರಿಗೆ ಕಂಡ ಸ್ಥಳಗಳು. ಒಂದು ನಮ್ಮದು! 1980ರಿಂದ ಅಲ್ಲಿಯೇ ಪ್ರೋಟಾನು ಅಳಿಯುತ್ತದೆಯೇ ಎಂಬುದನ್ನು ನೋಡುವ, 140 ಟನ್ ತೂಕದ ಉಪಕರಣದ ಪ್ರಯೋಗವೂ ನಡೆಯಿತು. 1990ರ ದಶಕದ ಆರಂಭಕ್ಕೆ ಈ ಕೆಲಸಗಳೆಲ್ಲ ನಿಂತುಹೋದವು.

1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ ಇದೇ ವಾತಾವರಣದ ನ್ಯೂಟ್ರಿನೊಗಳು ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತವೆಂದು ಸಿದ್ಧವಾಯಿತು. ಹಾಗೆ ಮಾರ್ಪಡಬೇಕಾದರೆ ಅವಕ್ಕೆ, ಎಷ್ಟೇ ಅಲ್ಪವಾಗಿರಲಿ, ತೂಕವಿರಬೇಕು. ಅಂದಮೇಲೆ ನ್ಯೂಟ್ರಿನೊ ವೈಲ್ ಹೇಳಿದ ಕಣವಲ್ಲ. ಎಪ್ಪತ್ತು ವರ್ಷದ ಸಮೀಕರಣಕ್ಕೆ ಮತ್ತೆ ಮನೆಯಿಲ್ಲದಂತಾಯಿತು.

ಹರಳಿನೊಳಗೆ ಸಿಕ್ಕ ಮನೆ

ಮನೆ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆ, ಘನವಸ್ತುವಿನ ಒಳಗೆ. ಹರಳಿನಲ್ಲಿ ಇಲೆಕ್ಟ್ರಾನುಗಳ ಶಕ್ತಿಗಳು ಪಟ್ಟಿ ಪಟ್ಟಿಯಾಗಿರುತ್ತವೆ. ಎರಡು ಪಟ್ಟಿಗಳು ಕೆಲವೊಮ್ಮೆ ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತವೆ. ಇದು ಸಾಧ್ಯವೆಂದು 1937ರಲ್ಲಿಯೇ ಕಾನ್ಯರ್ಸ್ ಹೆರಿಂಗ್ ತೋರಿಸಿದ್ದರು. ಆ ಬಿಂದುವಿನ ಬಳಿ ಇಲೆಕ್ಟ್ರಾನು ತನಗೆ ತೂಕವೇ ಇಲ್ಲವೆಂಬಂತೆ, ವೈಲ್ ಬರೆದ ಸಮೀಕರಣದಂತೆಯೇ ನಡೆದುಕೊಳ್ಳುತ್ತದೆ. ಎಡತಿರುವಿನ ಬಿಂದುವೊಂದಿದ್ದರೆ ಬಲತಿರುವಿನದೂ ಒಂದಿರಲೇಬೇಕು. ಅವು ಜೋಡಿಯಾಗಿಯೇ ಹುಟ್ಟುತ್ತವೆ.

ಇಲ್ಲಿ ಟೋಪಾಲಜಿಯ ಮಾತು ಬರುತ್ತದೆ. ರಾಗಿಮುದ್ದೆಯನ್ನು ಒತ್ತಿ, ಚಪ್ಪಟೆ ಮಾಡಿ, ಉದ್ದ ಎಳೆದು ಯಾವ ಆಕಾರಕ್ಕೂ ತರಬಹುದು; ಆದರೆ ತೂತು ಕೊರೆಯದೆ ಅದನ್ನು ಉದ್ದಿನವಡೆ ಮಾಡಲಾಗದು. ಅಳತೆಗಳು ಬದಲಾದರೂ ಬದಲಾಗದೆ ಉಳಿಯುವ ಇಂತಹ ಲಕ್ಷಣಗಳ ಶಾಸ್ತ್ರವೇ ಟೋಪಾಲಜಿ. ವೈಲ್ ಬಿಂದುವೂ ಅಂತಹುದೇ. ಹರಳನ್ನು ಸ್ವಲ್ಪ ಒತ್ತಿದರೆ ಅದು ಜಾಗ ಬದಲಿಸುತ್ತದೆ, ಮಾಯವಾಗುವುದಿಲ್ಲ. ತನ್ನ ಎದುರುತಿರುವಿನ ಜೋಡಿಯನ್ನು ಸಂಧಿಸಿದರೆ ಮಾತ್ರ ಎರಡೂ ಅಳಿಯುತ್ತವೆ.

2011ರಲ್ಲಿ ಅಶ್ವಿನ್ ವಿಶ್ವನಾಥ್ ಮತ್ತು ಸಂಗಡಿಗರು ಇರಿಡಿಯಂ ಇರುವ ಕಾಂತೀಯ ಆಕ್ಸೈಡುಗಳಲ್ಲಿ ಇಂತಹ ಬಿಂದುಗಳು ಇರಬಹುದೆಂದು ಲೆಕ್ಕದಿಂದ ತೋರಿಸಿದರು. ಕಾಂತತೆ ಏಕೆ ಬೇಕು? ಹರಳು ಪೂರ್ತಿ ಸಮಸಮವಾಗಿದ್ದರೆ ಎಡ ಮತ್ತು ಬಲದ ಬಿಂದುಗಳು ಒಂದರ ಮೇಲೊಂದು ಕುಳಿತುಬಿಡುತ್ತವೆ. ಹರಳಿನ ಜೋಡಣೆಯಲ್ಲಿ ಸಮತೆ ಮುರಿದರೆ ಅವು ಬೇರೆಯಾಗುತ್ತವೆ, ಕಾಂತತೆಯಿಂದಲೂ ಬೇರೆಯಾಗುತ್ತವೆ. 2015ರಲ್ಲಿ ಟ್ಯಾಂಟಲಂ ಆರ್ಸೆನೈಡ್ ಎಂಬ ಕಾಂತೀಯವಲ್ಲದ ಹರಳಿನಲ್ಲಿ ವೈಲ್ ಬಿಂದುಗಳು ಮೊದಲು ಕಂಡವು. ಕಾಂತೀಯ ಹರಳುಗಳಲ್ಲಿ 2019ರಲ್ಲಿ ಸ್ಪಷ್ಟ ಸಾಕ್ಷ್ಯ ದೊರೆಯಿತು. ಅವುಗಳಲ್ಲಿ ಒಂದು ಕೋಬಾಲ್ಟ್, ತವರ, ಗಂಧಕಗಳ ಸಂಯುಕ್ತ. ಅದರಲ್ಲಿ ಕೋಬಾಲ್ಟ್ ಪರಮಾಣುಗಳು ನಮ್ಮ ಬಿದಿರಿನ ಬುಟ್ಟಿಯ ಹೆಣಿಗೆಯಂತೆ ತ್ರಿಕೋನ, ಷಟ್ಕೋನಗಳಾಗಿ ಜೋಡಿಸಿಕೊಂಡಿರುತ್ತವೆ.

ಈಗ ಪಂಚರತ್ನಂ ಅವರ ಗೋಳವು ಮತ್ತೆ ಬರುತ್ತದೆ. ಇಲೆಕ್ಟ್ರಾನು ಕಾಂತಕ್ಷೇತ್ರದಲ್ಲಿ ವೈಲ್ ಬಿಂದುವನ್ನು ಬಳಸಿ ಸುತ್ತು ಹಾಕಿದಾಗ ಅದರ ಅಲೆಯ ಸ್ಥಿತಿಯು ಅಂತಹುದೇ ಒಂದು ಗೋಳದ ಮೇಲೆ ಸಮಭಾಜಕ ವೃತ್ತವನ್ನು ಬರೆಯುತ್ತದೆ. ಆ ವೃತ್ತವು ಒಳಗೊಳ್ಳುವುದು ಅರ್ಧ ಗೋಳ. ಅದರ ಘನಕೋನವು ಎರಡು ಪೈ. ಅದರ ಅರ್ಧ ಒಂದು ಪೈ, ಅಂದರೆ 180 ಡಿಗ್ರಿ. ಸುತ್ತು ಮುಗಿಸಿ ಬರುವಷ್ಟರಲ್ಲಿ ಅಲೆಯು ತಲೆಕೆಳಗಾಗಿರುತ್ತದೆ. ಆದುದರಿಂದ ಕಲ್ಯಾಣಿಯ ಮೆಟ್ಟಿಲುಗಳೆಲ್ಲ ಅರ್ಧ ಮೆಟ್ಟಿಲಿನಷ್ಟು ಜರುಗುತ್ತವೆ. ಆಂದೋಲನದ ಏರಿಳಿತಗಳೂ ಅರ್ಧ ಹೆಜ್ಜೆ ಸರಿಯುತ್ತವೆ. ಪಟ್ಟಿಗಳು ಒಂದು ಬಿಂದುವಿನಲ್ಲಿ ಮುಟ್ಟುವ ಗ್ರಾಫೀನಿನಲ್ಲಿ ಈ ಅರ್ಧ ಹೆಜ್ಜೆಯನ್ನು 2005ರಲ್ಲಿ ಎರಡು ತಂಡಗಳು ಸ್ಪಷ್ಟವಾಗಿ ಅಳೆದವು. 1930ರ ಬಿಸ್ಮತ್ ಪ್ರಯೋಗ, 1956ರ ಬೆಂಗಳೂರಿನ ಗೋಳ, 1929ರ ವೈಲ್ ಸಮೀಕರಣ ಈ ಮೂರೂ ಒಂದು ಹರಳಿನಲ್ಲಿ ಕೂಡಿದ ಬಗೆ ಇದು.

ಒರೆಗಲ್ಲು

ಆದರೆ ಹೊಳೆಯುವುದೆಲ್ಲ ಚಿನ್ನವಲ್ಲವೆಂದು ಕೋಲಾರದವರಿಗೆ ಹೇಳಬೇಕಾಗಿಲ್ಲ. ಯುರೋಪಿಯಂ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳ ಒಂದು ಕಾಂತೀಯ ಸಂಯುಕ್ತವನ್ನು 2019ರಲ್ಲಿ ಆದರ್ಶ ವೈಲ್ ಅರೆಲೋಹವೆಂದು ಕೊಂಡಾಡಲಾಯಿತು. ಆಂದೋಲನದ ಅಳತೆಗಳೂ ಅದಕ್ಕೆ ಪುರಾವೆಯಾಗಿ ಬಂದವು. 2023ರಲ್ಲಿ ಬೇರೊಂದು ತಂಡವು ಇನ್ನೂ ಶುದ್ಧವಾದ ಹರಳುಗಳನ್ನು ಬೆಳೆಸಿ ನೋಡಿದಾಗ ಅದು ಅರೆಲೋಹವೇ ಅಲ್ಲ, ಸುಮಾರು 0.77 ಇಲೆಕ್ಟ್ರಾನ್ ವೋಲ್ಟ್ ಅಂತರವಿರುವ ಸಾಧಾರಣ ಅರೆವಾಹಕವೆಂದು ತೋರಿತು. ಮೊದಲಿನ ಹರಳುಗಳಲ್ಲಿದ್ದ ಕಲ್ಮಷವೇ ಅರೆಲೋಹದ ವೇಷ ಹಾಕಿತ್ತು. ಕಾಂತೀಯ ವಸ್ತುಗಳಲ್ಲಿ ಇಲೆಕ್ಟ್ರಾನಿನ ಸ್ವಂತ ಕಾಂತತೆಯೂ ಆಂದೋಲನದ ಹೆಜ್ಜೆಯನ್ನು ಸರಿಸಬಲ್ಲದು. ಆದುದರಿಂದ ಅರ್ಧ ಹೆಜ್ಜೆ ಕಂಡ ಮಾತ್ರಕ್ಕೆ ವೈಲ್ ಬಿಂದು ಸಿಕ್ಕಿತೆಂದು ಹೇಳಲಾಗದು. ಅಕ್ಕಸಾಲಿಗನು ಒಂದು ಗೆರೆಯನ್ನು ನೋಡಿ ಬಂಗಾರದ ಬೆಲೆ ಕಟ್ಟುವುದಿಲ್ಲ. ಸಂಶೋಧನೆಗೆ ಹೊರಟ ನಮ್ಮ ಮಕ್ಕಳು ಈ ಕಥೆಯನ್ನು ಮುಖ್ಯವಾಗಿ ನೆನಪಿಡಬೇಕು.

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳನ್ನು ಮುಚ್ಚಲಾಯಿತು. ಆಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ನ್ಯೂಟ್ರಿನೊವನ್ನು ಕಂಡ ಆ ಜಾಗವನ್ನು ನಮ್ಮ ಶಾಲೆಯ ಮಕ್ಕಳು ಇಂದು ಹೋಗಿ ನೋಡಲಾರರು. ನಮ್ಮ ಜಿಲ್ಲೆಯ ವಿಷಯ ಬಂದಾಗಲೆಲ್ಲ ಎಷ್ಟು ಚಿನ್ನ ತೆಗೆದರು, ಯಾರು ಕೊಂಡೊಯ್ದರು ಎಂಬ ಮಾತೇ ಬರುತ್ತದೆ. ಆ ಮಾತಿನಲ್ಲಿ ನ್ಯಾಯವಿದೆ. ಆದರೆ ಆ ಗಣಿಯಿಂದ ಹೊರಬಂದ ಒಂದು ಸಂಪತ್ತನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಅದು ಅರಿವು. ಅದನ್ನು ಕಳೆದುಕೊಳ್ಳುವ ದಾರಿ ಒಂದೇ; ನಾವೇ ಮರೆಯುವುದು.

ಪಂಚರತ್ನಂ ಅವರ ಪ್ರಬಂಧವನ್ನು ಯಾರೂ ಕದಿಯಲಿಲ್ಲ, ಯಾರೂ ಅಡಗಿಸಲಿಲ್ಲ. ಮೂವತ್ತು ವರ್ಷ ಅದು ಎಲ್ಲರ ಕೈಗೆಟಕುವಂತೆಯೇ ಇತ್ತು. ಕೊನೆಗೆ ಅದನ್ನು ಉಳಿಸಿದ್ದು ಹೊಸ ಯಂತ್ರವಲ್ಲ, ಹಣವಲ್ಲ. ಹಳೆಯ ಸಂಚಿಕೆಯನ್ನು ತೆರೆದು ಗಮನವಿಟ್ಟು ಓದಿದ ಇಬ್ಬರು. ಹಾಗೆ ಓದುವವರಾಗಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಉಪಾಧ್ಯಾಯರು. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಪರಮಾಣುವಿನ ಪಾಠ ಬಂದ ದಿನ ಶ್ರೀಕಂಠನ್ ಅವರ ಹೆಸರನ್ನೂ, ಬೆಳಕಿನ ಪಾಠ ಬಂದ ದಿನ ಪಂಚರತ್ನಂ ಅವರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಗ್ಲೋಬು ಪ್ರತಿ ಶಾಲೆಯಲ್ಲೂ ಉಂಟು, ಬೆಂಕಿಕಡ್ಡಿ ಪ್ರತಿ ಮನೆಯಲ್ಲೂ ಉಂಟು. ಉಳಿದುದನ್ನು ಮಕ್ಕಳೇ ಕೇಳುತ್ತಾರೆ.